ಮಳೆಗಾಲದ ಮೈ: ಗೊರಬಿನಿಂದ ಗಂಬೂಟಿನ ತನಕ

1/9
ಫೋಟೋದಲ್ಲಿ ಇರೋದು ಅಮ್ಮನ ಕೈ. ಅವರನ್ನು ಕೇಳಿಯೇ ಹಾಕಿದ್ದೀನಿ. ಮಣಿಕಟ್ಟಿನ ಸುತ್ತ ಬಳೆ ತೊಟ್ಟ ಹಾಗೆ ಒಂದು ಕೆಂಪು ಗೆರೆ ಕಾಣ್ತದಲ್ಲ, ಅದು ಬಳೆಯ ಗುರುತಲ್ಲ. ರೈನ್‌ಕೋಟಿನ ತೋಳಿನ ಇಲಾಸ್ಟಿಕ್ ಕೊರೆದದ್ದು. ಜೂನ್‌ನಲ್ಲಿ ಮೂಡಿದ ಗೆರೆ ಸೆಪ್ಟೆಂಬರ್ ಮುಗಿಯುವ ತನಕ ಹೋಗೋದಿಲ್ಲ. ಇಂಥದ್ದೇ ಇನ್ನೊಂದು ಕತ್ತಿನಲ್ಲಿದೆ. ಮತ್ತೊಂದು ಗಂಬೂಟಿನ ಬಾಯಿ ತಾಗುವ ಮೀನಖಂಡದಲ್ಲಿ.

ಬೇಸಿಗೆ ರಜೆಯಲ್ಲಿ ನಮ್ಮ ಕ್ಲಾಸಿನವನೊಬ್ಬ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಮಾಡಿ ಬಂದ. ರೀಲ್ ನೀವೂ ನೋಡಿರ್ತೀರಿ. ಅಲ್ಲಿಯ ನೀರು ಬೆಚ್ಚಗೆ, ಹಾಗಾಗಿ ವೆಟ್‌ಸೂಟ್ ಸಾಕು. ಅದರೊಳಗೆ ನೀರು ಬಂದರೂ ನಡೀತದೆ. ಚಳಿ ದೇಶಗಳಲ್ಲಿ ಡ್ರೈಸೂಟ್ ಹಾಕ್ತಾರೆ. ಅದರೊಳಗೆ ಒಂದು ಹನಿಯೂ ಬರಬಾರದು. ಅದಕ್ಕೇ ಕತ್ತಿಗೆ, ಮಣಿಕಟ್ಟಿಗೆ ಬಿಗಿಯಾದ ರಬ್ಬರ್ ಪಟ್ಟಿ ಇರ್ತದೆ, ಸೀಲ್ ಅಂತಾರೆ. ಆ ಸೀಲ್ ಉಜ್ಜಿ ಕೆಂಪಾದ ಒಬ್ಬ ಡೈವರ್‌ನ ಕತ್ತಿನ ಫೋಟೋ ನೋಡಿದೆ. ಥೇಟ್ ಅಮ್ಮನ ಕತ್ತು.

ಅವತ್ತಿನಿಂದ ಒಂದೇ ಯೋಚನೆ. ನೀರನ್ನು ಹೊರಗಿಡೋಕೆ ಮನುಷ್ಯ ಏನೇನು ತೊಟ್ಟ, ಅದು ಅವನ ಚರ್ಮಕ್ಕೆ ಏನು ಮಾಡ್ತು? ಸಾಗರ, ಹೊಸನಗರ, ತೀರ್ಥಹಳ್ಳಿಯವರಾದ ನಮಗೆ ಇದು ಬೇರೆಯವರ ಕಥೆ ಅಲ್ಲ. ಒಂಬತ್ತು ಪೋಸ್ಟ್ ಇದೆ, ಒಂದೊಂದೇ ಓದಿ.

2/9
ಮೊದಲು ಮಳೆಯ ಲೆಕ್ಕ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆ, ಹೊಸನಗರ ತಾಲ್ಲೂಕಿನ ಹುಲಿಕಲ್, ಎರಡೂ ಕಡೆ ವರ್ಷದ ಸರಾಸರಿ ಮಳೆ 7,000 ಮಿಲಿಮೀಟರ್ ದಾಟುತ್ತದೆ. ಬಿದ್ದ ನೀರು ಹರಿದುಹೋಗದೆ ನಿಂತರೆ 7 ಮೀಟರ್, ಎರಡಂತಸ್ತಿನ ಮನೆ ಮುಳುಗುವಷ್ಟು. ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ ಬೀಳುತ್ತದೆ. ಭತ್ತದ ನಟ್ಟಿ ಆಗಬೇಕಾದದ್ದೂ ಅದೇ ತಿಂಗಳುಗಳಲ್ಲಿ. ಅಂದರೆ ಮಳೆ ನಿಂತ ಮೇಲೆ ಕೆಲಸಕ್ಕೆ ಹೋಗ್ತೀನಿ ಅನ್ನೋ ಮಾತು ನಮ್ಮ ಕಡೆ ನಡೆಯೋದೇ ಇಲ್ಲ.

ಅದಕ್ಕೆ ಮಲೆನಾಡು ಮಾಡಿಕೊಂಡ ಉತ್ತರ ಗೊರಬು. ಈ ಫೋಟೋದಲ್ಲಿರೋದು ನಮ್ಮ ಅಟ್ಟದ ಮೇಲೆ ಧೂಳು ಹಿಡಿದು ಕೂತಿದ್ದದ್ದು. ಬಿದಿರಿನ ತೆಳು ಸೀಳುಗಳಿಂದ ಎರಡು ಜಾಲರಿ ಹೆಣೆದು, ನಡುವೆ ಎಲೆಗಳನ್ನು ಒತ್ತಾಗಿ ಹಾಸಿ ಸೇರಿಸಿ ಕಟ್ಟುತ್ತಾರೆ. ತಲೆಗೆ ಸಿಕ್ಕಿಸಿಕೊಂಡರೆ ಬೆನ್ನಿನುದ್ದಕ್ಕೂ ಇಳಿಯುತ್ತದೆ. ನಿಂತವರಿಗೆ ಇದರಿಂದ ಅಷ್ಟೇನೂ ಉಪಯೋಗ ಇಲ್ಲ. ಬಗ್ಗಿದರೆ ಮಾತ್ರ ಬೆನ್ನ ಮೇಲೊಂದು ಮಾಡು. ಇಡೀ ದಿನ ಬಗ್ಗಿಯೇ ಇರುವವರಿಗಾಗಿ ಮಾಡಿದ ವಸ್ತು ಅಂತ ನೋಡಿದ ಕೂಡಲೇ ಗೊತ್ತಾಗ್ತದೆ.

ಒಂದು ವಿಷಯ ಗಮನಿಸಿ. ಗೊರಬು ಎಲ್ಲೂ ಮೈಯನ್ನು ಮುಚ್ಚಿ ಬಿಗಿಯೋದಿಲ್ಲ. ಎರಡೂ ಕೈ ಖಾಲಿ, ಕತ್ತು ಖಾಲಿ, ಎರಡೂ ಪಕ್ಕದಿಂದ ಗಾಳಿ ಆಡ್ತದೆ. ಮೈ ನೆನೆಯೋದು ಇದ್ದೇ ಇದೆ. ಆದರೆ ನೆನೆದ ಜಾಗವನ್ನು ಏನೂ ಉಜ್ಜುತ್ತಾ ಇರೋದಿಲ್ಲ.

3/9
ಎರಡನೆಯದು ಕಂಬಳಿಕೊಪ್ಪೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ಈ ಪದ ಹೊಸದೇನಲ್ಲ. ಕಂಬಳಿಯ ಒಂದು ಮೂಲೆಯನ್ನು ಮಡಚಿ ತಲೆಗೆ ಕೊಪ್ಪೆ ಮಾಡಿಕೊಂಡರೆ ಮುಗೀತು. ಮಳೆಗೆ ಅದೇ ಕೊಡೆ, ಚಳಿಗೆ ಅದೇ ಹೊದಿಕೆ, ಕೂರೋಕೆ ಅದೇ ಚಾಪೆ.

ಕಂಬಳಿ ನಮ್ಮ ಕಡೆ ನೇಯುವುದಲ್ಲ. ಬಯಲುಸೀಮೆಯ ಕುರುಬರು ತಮ್ಮ ಕುರಿಗಳ ಉಣ್ಣೆಯಿಂದ ನೇಯ್ದದ್ದು. ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಗಟ್ಟಿ ಮಾಡ್ತಾರೆ. ಹೊಸ ಕಂಬಳಿ ಬಿರುಸಾಗಿರೋದು ಅದಕ್ಕೇ. ಉಣ್ಣೆಯ ಗುಣ ವಿಚಿತ್ರ. ತನ್ನ ತೂಕದ ಹತ್ತಿರ ಹತ್ತಿರ ಮೂರನೇ ಒಂದು ಪಾಲು ನೀರು ಹೀರಿಕೊಂಡರೂ ಮುಟ್ಟಿದವರಿಗೆ ಒದ್ದೆ ಅಂತ ಅನ್ನಿಸೋದಿಲ್ಲ. ಹೀರುವಾಗ ಸ್ವಲ್ಪ ಶಾಖವನ್ನೂ ಬಿಡ್ತದೆ. ಬೆಚ್ಚಗಿರೋದು ಸುಮ್ಮನೆ ಅಲ್ಲ.

ಆದರೆ ಚುಚ್ತದೆ. ಒರಟು ಉಣ್ಣೆ ಒದ್ದೆ ಕತ್ತಿಗೆ ದಿನವಿಡೀ ತಾಗಿದರೆ ಏನಾಗ್ತದೆ ಅಂತ ಅಜ್ಜಿಯನ್ನು ಕೇಳಿದೆ. “ಏನಾಗ್ತದೆ, ಉರೀತದೆ” ಅಂದರು. ಅದಕ್ಕೆ ಅವರ ಉಪಾಯ: ಹಳೇ ಹತ್ತಿ ಸೀರೆಯ ಒಂದು ಹರಕನ್ನು ಕತ್ತಿಗೆ ಸುತ್ತಿ, ಅದರ ಮೇಲೆ ಕಂಬಳಿ. ಮಧ್ಯಾಹ್ನ ಊಟಕ್ಕೆ ಬಂದಾಗ ಆ ಹರಕನ್ನು ತೆಗೆದು ಒಲೆಯ ಹತ್ತಿರ ಹಾಕಿ, ಒಣಗಿದ ಇನ್ನೊಂದನ್ನು ಕಟ್ಟಿಕೊಂಡು ಹೋಗೋದು.

ಈ ಹರಕನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಮತ್ತೆ ಬರ್ತದೆ.

4/9
ಮೇಲಿನ ಮಾತಾಯ್ತು. ಕೆಳಗೆ? ಕಾಲಿಗೆ ಏನೂ ಇರಲಿಲ್ಲ. ಬರಿಗಾಲು, ಕೆಸರು, ಬೆಳಗ್ಗೆಯಿಂದ ಸಂಜೆ. ಬೆರಳ ಸಂದಿ ಬೆಳ್ಳಗಾಗಿ, ಮೆತ್ತಗಾಗಿ, ಒಡೆದು ಕೆಸರುಹುಣ್ಣು ಆಗೋದು. ಕಾರಣ ಸರಳ. ಚರ್ಮದ ಹೊರಪದರ ತುಂಬಾ ಹೊತ್ತು ನೀರಿನಲ್ಲಿದ್ದರೆ ನೀರು ಕುಡಿದು ಉಬ್ಬುತ್ತದೆ. ಉಬ್ಬಿದ ಚರ್ಮಕ್ಕೆ ಗಟ್ಟಿತನ ಇಲ್ಲ. ಒಂದು ಕಲ್ಲಿನ ಚೂರು, ಒಂದು ಬೇರು ತಾಗಿದರೂ ಹರಿಯುತ್ತದೆ. ಹರಿದಲ್ಲಿ ಬೂಷ್ಟು, ಕೀವು. ಇಲಿ ಜ್ವರದ ರೋಗಾಣು ಮೈಯೊಳಗೆ ಹೋಗೋದೂ ಹೆಚ್ಚಾಗಿ ಇಂಥ ಗಾಯದಿಂದಲೇ.

ಈಗ ಸ್ವಲ್ಪ ಹೊರಗಿನ ಚರಿತ್ರೆ. ಮೊದಲ ಮಹಾಯುದ್ಧದ ಮೊದಲ ಚಳಿಗಾಲದಲ್ಲಿ (1914–15) ನೀರು ತುಂಬಿದ ಕಂದಕಗಳಲ್ಲಿ ನಿಂತು ಬ್ರಿಟಿಷ್ ಸೈನಿಕರು ಸಾವಿರಗಟ್ಟಲೆ ಕಾಲು ಕೆಡಿಸಿಕೊಂಡರು. ಆಮೇಲೆ ಸೈನ್ಯ ನಿಯಮ ಮಾಡಿತು: ಕಾಲುಚೀಲ ಬದಲಿಸಬೇಕು, ಕಾಲಿಗೆ ತಿಮಿಂಗಿಲದ ಎಣ್ಣೆ ತಿಕ್ಕಬೇಕು, ಅಧಿಕಾರಿಗಳು ಪರೀಕ್ಷೆ ಮಾಡಬೇಕು. 1960ರ ದಶಕದ ಕೊನೆಯಲ್ಲಿ ವಿಯೆಟ್ನಾಂನ ಭತ್ತದ ಗದ್ದೆಗಳಲ್ಲಿ ಅಮೆರಿಕದ ಸೈನಿಕರಿಗೂ ಅದೇ ಆಯ್ತು. ಅದಕ್ಕವರು ಇಟ್ಟ ಹೆಸರೇ ‘ಗದ್ದೆ ಕಾಲು’. ಸುಮಾರು 48 ಗಂಟೆಗಿಂತ ಹೆಚ್ಚು ಹೊತ್ತು ಗದ್ದೆಯ ನೀರಿನಲ್ಲಿ ಇರಿಸಬಾರದು, ಆಮೇಲೆ ಕಾಲು ಒಣಗಲು ಬಿಡಬೇಕು ಅಂತ ಅಲ್ಲಿ ತೀರ್ಮಾನಕ್ಕೆ ಬಂದರು.

ಎರಡು ದಿನ. ನಮ್ಮ ಅಜ್ಜಿ ಒಂದು ನಟ್ಟಿ ಕಾಲದಲ್ಲಿ ಒಬ್ಬರ ಗದ್ದೆಯಿಂದ ಇನ್ನೊಬ್ಬರ ಗದ್ದೆಗೆ ಅಂತ ತಿಂಗಳಿಗೂ ಮೇಲೆ ನೀರಿನಲ್ಲೇ ನಿಲ್ತಿದ್ದರು. ಅವರ ಕಾಲನ್ನು ಯಾವ ಅಧಿಕಾರಿಯೂ ಪರೀಕ್ಷೆ ಮಾಡಲಿಲ್ಲ. 1951ರ ಕಾಗೋಡು ಸತ್ಯಾಗ್ರಹ ಅಂದರೆ ಗೇಣಿ ಅಳೆಯುವ ಕೊಳಗದ ಮಾತು ನಮಗೆಲ್ಲ ನೆನಪಾಗ್ತದೆ. ಭತ್ತದ ಅಳತೆಗೆ ಚರಿತ್ರೆ ಇದೆ. ಅದನ್ನು ನಟ್ಟ ಕಾಲಿಗೆ ಇಲ್ಲ.

5/9
ದಾಖಲೆ ಇಲ್ಲ ಅಂದ ಮಾತ್ರಕ್ಕೆ ಮದ್ದೂ ಇರಲಿಲ್ಲ ಅಂತ ಅಲ್ಲ. ಫೋಟೋದಲ್ಲಿ ಕಾಣೋ ಕೆನೆ ಬಣ್ಣದ ಉಂಡೆ ಏನು ಅಂತ ಹೇಳಿ ನೋಡೋಣ?

ಮುರುಗಲ ತುಪ್ಪ. ಬೇಸಿಗೆಯಲ್ಲಿ ಮುರುಗಲ ಹಣ್ಣಿನ ಸಿಪ್ಪೆ ಸಾರಿಗೆ, ಶರಬತ್ತಿಗೆ ಹೋಗ್ತದೆ. ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲೆ ತೇಲ್ತದೆ. ಅದನ್ನು ತೆಗೆದು ತಣಿಸಿ ಉಂಡೆ ಕಟ್ಟಿಡ್ತಾರೆ. ಕರಗೋದು ಸುಮಾರು 40 ಡಿಗ್ರಿಗೆ, ಅಂದರೆ ನಮ್ಮ ಮೈಬಿಸಿಗಿಂತ ಒಂಚೂರು ಮೇಲೆ. ಹಾಗಾಗಿ ಕೊಬ್ಬರಿ ಎಣ್ಣೆಯ ಹಾಗೆ ಹರಿದುಹೋಗದೆ ಚರ್ಮದ ಮೇಲೆ ಮೇಣದ ಪದರವಾಗಿ ನಿಲ್ಲುತ್ತದೆ. ಅಜ್ಜಿ ರಾತ್ರಿ ಕಾಲು ತೊಳೆದು, ಒಲೆಯ ಬಿಸಿಗೆ ಹಿಡಿದು ಪೂರ್ತಿ ಒಣಗಿಸಿ, ಆಮೇಲೆ ಕೆಂಡದ ಹತ್ತಿರ ಕರಗಿಸಿದ ತುಪ್ಪ ಸವರ್ತಿದ್ದರು. ಕ್ರಮ ನೋಡಿ: ಮೊದಲು ಒಣಗಿಸೋದು, ಆಮೇಲೆ ಜಿಡ್ಡು. ಒದ್ದೆ ಮೇಲೆ ಜಿಡ್ಡು ಹಚ್ಚಿದರೆ ನೀರನ್ನೇ ಒಳಗಿಟ್ಟು ಬೀಗ ಹಾಕಿದ ಹಾಗೆ.

ಇನ್ನೊಂದು ಮದರಂಗಿ. ನಟ್ಟಿಗೆ ಮೊದಲು ಬೆರಳ ಸಂದಿಗೆ, ಅಂಗಾಲಿಗೆ ಅರೆದು ಮೆತ್ತಿಕೊಳ್ಳೋದು. ಚಂದಕ್ಕೂ ಆಯ್ತು, ಕಾಲಿಗೂ ಆಯ್ತು. ಅದಕ್ಕೆ ಬಣ್ಣ ಕೊಡುವ ವಸ್ತು ಕೆಲವು ಬೂಷ್ಟುಗಳನ್ನು ತಡೆಯುತ್ತದೆ ಅಂತ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಅಂಗಡಿಯ ‘ಕಪ್ಪು ಮೆಹಂದಿ’ ಕೋನ್ ಬೇಡ. ಅದರಲ್ಲಿ ಕೂದಲಿನ ಬಣ್ಣದ ಪಿಪಿಡಿ ಇರಬಹುದು. ಅದೇ ಮೈಮೇಲೆ ಬೊಬ್ಬೆ ಎಬ್ಬಿಸ್ತದೆ.

6/9
ಈಗ ರಬ್ಬರ್. ಊರಿನಿಂದ ಒಂಚೂರು ದೂರ ಹೋಗಿ ಬರೋಣ.

1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎರಡು ಬಟ್ಟೆಗಳ ನಡುವೆ ರಬ್ಬರ್ ಹಚ್ಚಿ ಅಂಟಿಸಿ ನೀರು ಇಳಿಯದ ಬಟ್ಟೆಗೆ ಪೇಟೆಂಟ್ ಪಡೆದ. ಬಿಸಿಲಿಗೆ ಅಂಟೋದು, ಚಳಿಗೆ ಕಟ್ಟಿಗೆ ಆಗೋದು, ಮೇಲಿಂದ ವಾಸನೆ. 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್, ಗಂಧಕ ಸೇರಿಸಿ ಕಾಯಿಸಿದರೆ ರಬ್ಬರ್ ಹದಕ್ಕೆ ಬರ್ತದೆ ಅಂತ ಕಂಡುಕೊಂಡ. ಬೂಟು, ಕೈಗವಸು, ಟಯರ್ ಎಲ್ಲದರ ಮೂಲ ಅಲ್ಲಿದೆ.

ಅದೇ ಕಾಲಕ್ಕೆ ಲಂಡನ್ನಿನಲ್ಲಿ ಆಗಸ್ಟಸ್ ಸೀಬ ಮುಳುಗುಗಾರರಿಗೆ ಮೈ ಪೂರ್ತಿ ಮುಚ್ಚುವ ಉಡುಪು ಮಾಡಿದ. ತಾಮ್ರದ ಶಿರಸ್ತ್ರಾಣ, ರಬ್ಬರ್ ಹಚ್ಚಿದ ಕ್ಯಾನ್ವಾಸ್, ಮಣಿಕಟ್ಟಿಗೆ ಬಿಗಿ ರಬ್ಬರ್ ಪಟ್ಟಿ. ಇವತ್ತಿನ ಡ್ರೈಸೂಟಿನ ಅಜ್ಜ ಅಂತ ಇಟ್ಕೊಳ್ಳಿ. ಒಳಗೆ ಏನು ಹಾಕ್ತಿದ್ದರು ಗೊತ್ತಾ? ದಪ್ಪ ಉಣ್ಣೆ ಬಟ್ಟೆ. ನಮ್ಮ ಕಂಬಳಿಯ ಜಾತಿಯದ್ದೇ. ಬಿಗಿ ಪಟ್ಟಿಯೊಳಗೆ ಕೈ ತೂರಿಸೋಕೆ ಸಾಬೂನು ಸವರ್ತಿದ್ದರು. ಎಣ್ಣೆ ಅಲ್ಲ, ಸಾಬೂನು. ಯಾಕೆ ಅಂದರೆ ಎಣ್ಣೆ ಕುಡಿದ ರಬ್ಬರ್ ಉಬ್ಬಿ, ಮೆತ್ತಗಾಗಿ ಹಾಳಾಗ್ತದೆ.

ರಬ್ಬರಿನಿಂದ ಚರ್ಮಕ್ಕೆ ಮೂರು ಬಗೆಯ ತೊಂದರೆ. ಒಂದು, ಬರೀ ಉಜ್ಜು ಮತ್ತು ಬೆವರು. ಇದು ಯಾರಿಗೂ ಆಗಬಹುದು, ಬಿಟ್ಟರೆ ಬೇಗ ಇಳೀತದೆ. ಎರಡು, ರಬ್ಬರ್ ಹದ ಮಾಡಲು ಹಾಕಿದ ರಾಸಾಯನಿಕಗಳ ಅಲರ್ಜಿ. ತಾಗಿದ ಒಂದೆರಡು ದಿನ ಬಿಟ್ಟು ತುರಿಕೆ, ಗುಳ್ಳೆ, ರಸ ಬರ್ತದೆ. ಮೂರು, ರಬ್ಬರ್ ಮರದ ಹಾಲಿನ ಪ್ರೋಟೀನಿನ ಅಲರ್ಜಿ. ಇದು ಕೆಲವೇ ನಿಮಿಷಗಳಲ್ಲಿ ದದ್ದು ಎಬ್ಬಿಸ್ತದೆ, ಉಸಿರಾಟಕ್ಕೂ ತೊಂದರೆ ಕೊಡಬಹುದು. ಕೈಗವಸಿನ ಪುಡಿ ಈ ಪ್ರೋಟೀನನ್ನು ಗಾಳಿಗೆ ಹಾರಿಸ್ತದೆ ಅನ್ನೋದೂ ಒಂದು ಕಾರಣವಾಗಿ 2017ರಲ್ಲಿ ಅಮೆರಿಕದಲ್ಲಿ ಪುಡಿ ಹಾಕಿದ ವೈದ್ಯಕೀಯ ಕೈಗವಸುಗಳನ್ನೇ ನಿಷೇಧಿಸಿದರು.

7/9
ಮತ್ತೆ ಊರಿಗೆ. ಗೊರಬು ಹೋಗಿ ಪ್ಲಾಸ್ಟಿಕ್ ಕೊಪ್ಪೆ ಬಂತು. ಗೊಬ್ಬರದ ಚೀಲವನ್ನೇ ಮೂಲೆ ಮಡಚಿ ತಲೆಗೆ ಹಾಕಿಕೊಂಡದ್ದು ನಮ್ಮ ಓಣಿಯಲ್ಲಿ ನಾನೇ ನೋಡಿದ್ದೀನಿ. ಕಂಬಳಿಯ ತೂಕ ಇಲ್ಲ, ಚುಚ್ಚೋದಿಲ್ಲ, ದುಡ್ಡೂ ಕಡಿಮೆ. ಆಮೇಲೆ ರೈನ್‌ಕೋಟ್, ಪ್ಯಾಂಟ್, ಗಂಬೂಟು ಬಂತು. ಹಳೇ ಸಾಮಾನು ಅಟ್ಟ ಸೇರ್ತು.

ಬೂಟು ಬೇಡ ಅಂತ ಹೇಳೋ ಹಾಗಿಲ್ಲ. ಉಂಬಳ ಇದೆ, ಹಾವಿದೆ, ಇಲಿ ಜ್ವರ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಎಷ್ಟು ಜೀವ ತಿಂತು ಅಂತ ನಮಗೆಲ್ಲ ನೆನಪಿದೆ. ಕಾಡಿಗೆ ಹೋಗೋರು ಉಣುಗು ಕಚ್ಚದ ಹಾಗೆ ಮೈ ಮುಚ್ಚಲೇಬೇಕು.

ಅಡಿಕೆ ತೋಟದಲ್ಲಿ ಇನ್ನೊಂದು ಸೇರ್ತದೆ. ಕೊಳೆರೋಗದ ಬಗ್ಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರಲ್ಲಿ ವರದಿ ಪ್ರಕಟಿಸಿದ ಕಾಲದಿಂದ ಬೋರ್ಡೋ ದ್ರಾವಣ ನಮ್ಮ ತೋಟಗಳಿಗೆ ಬಂತು. ನಾವು ‘ಔಷಧಿ ಹೊಡೆಯೋದು’ ಅಂತೀವಿ. ಮೈಲುತುತ್ತ, ಸುಣ್ಣ, ನೀರು. ಅದು ರೈನ್‌ಕೋಟಿನ ತೋಳಿನ ಇಲಾಸ್ಟಿಕ್‌ನೊಳಗೆ ಇಳಿದು ಕೂತರೆ ಆಮೇಲೆ ದಿನವಿಡೀ ಅಲ್ಲೇ. ಉಜ್ಜಿ ಕೆಂಪಾದ ಚರ್ಮದ ಮೇಲೆ ಸುಣ್ಣ. ಹೇಳೋದೇ ಬೇಡ.

ಇಲ್ಲೇ ನನಗೆ ವಿಷಯ ಹೊಳೆದದ್ದು. ಹಳೆಯ ಉಡುಪು ತೆರೆದದ್ದು: ನೀರು ಬರ್ತಿತ್ತು, ಗಾಳಿಯೂ ಬರ್ತಿತ್ತು. ಹೊಸದು ಮುಚ್ಚಿದ್ದು: ಮಳೆ ಬರೋದಿಲ್ಲ, ಬೆವರು ಹೋಗೋದೂ ಇಲ್ಲ. ಹುಣ್ಣು ಹೋಗಲಿಲ್ಲ, ಜಾಗ ಬದಲಿಸಿತು. ಬೆರಳ ಸಂದಿಯಿಂದ ಮೀನಖಂಡಕ್ಕೆ, ಕತ್ತಿಗೆ, ಮಣಿಕಟ್ಟಿಗೆ. ನಾವು ಉಡುಪು ಬದಲಿಸಿದೆವು, ಅಭ್ಯಾಸ ಮಾತ್ರ ಹಳೆಯದೇ. ಬೂಟು ಹಾಕುವ ಮೊದಲು ಎಣ್ಣೆ ಹಚ್ಚೋದು ಆಗಿನ ಬರಿಗಾಲಿಗೆ ಸರಿ ಇತ್ತು. ಈಗ ಮುಚ್ಚಿದ ಬೂಟಿನೊಳಗೆ ಅದು ಬೆವರಿನ ಜೊತೆ ಸೇರಿ ಚರ್ಮವನ್ನು ಇನ್ನಷ್ಟು ಮೆತ್ತಗೆ ಮಾಡ್ತದೆ, ರಬ್ಬರನ್ನೂ ತಿಂತದೆ.

8/9
ಅಮ್ಮನ ಕಥೆ. ಅಮ್ಮ ಬೇರೆಯವರ ತೋಟಕ್ಕೆ, ಗದ್ದೆಗೆ ಕೂಲಿಗೆ ಹೋಗ್ತಾರೆ. ಎರಡು ವರ್ಷದ ಹಿಂದೆ ಮೀನಖಂಡದ ಕೆಂಪು ಗೆರೆ ತುರಿಸೋಕೆ ಶುರುವಾಯ್ತು. ಅಂಗಡಿಯಲ್ಲಿ ಕೇಳಿ ಒಂದು ಟ್ಯೂಬ್ ತಂದರು. ಹಚ್ಚಿದ ಎರಡನೇ ದಿನಕ್ಕೆ ತುರಿಕೆ ಮಾಯ. ಬಿಟ್ಟರೆ ವಾರದಲ್ಲಿ ಡಬಲ್. ಮತ್ತೆ ಹಚ್ಚೋದು. ಹೀಗೆ ಒಂದು ಮಳೆಗಾಲ ಇಡೀ. ಗೆರೆ ಇದ್ದದ್ದು ಉಂಗುರ ಉಂಗುರವಾಗಿ ತೊಡೆ ತನಕ ಹೋಯ್ತು, ಚರ್ಮ ತೆಳ್ಳಗೆ ಕಾಗದದ ಹಾಗೆ ಆಯ್ತು.

ಕೊನೆಗೆ ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಟ್ಯೂಬ್ ತೋರಿಸಿ ಅಂದರು, ತೋರಿಸಿದೆವು. ಅದರಲ್ಲಿ ಜೋರಾದ ಸ್ಟಿರಾಯ್ಡ್ ಇತ್ತು. ಮೊದಲು ಇದ್ದದ್ದು ಬರೀ ಬೂಟು ಉಜ್ಜಿದ ಗಾಯ. ಅದರ ಮೇಲೆ ಬೂಷ್ಟು ಕೂತಿದೆ. ಸ್ಟಿರಾಯ್ಡ್ ತುರಿಕೆಯನ್ನು ಮುಚ್ಚಿಟ್ಟು ಬೂಷ್ಟಿಗೆ ದಾರಿ ಬಿಟ್ಟಿದೆ. ಇಂಥ ಹಲವು ಕ್ರೀಮ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವ ಹಾಗಿಲ್ಲ ಅಂತ ಕೇಂದ್ರ ಸರ್ಕಾರ 2018ರಲ್ಲೇ ಹೇಳಿದೆ. ನಮಗೆ ಗೊತ್ತಿರಲಿಲ್ಲ.

ಡಾಕ್ಟರ್ ಮದ್ದು ಬರೆದು ಕೊಟ್ಟು, “ಒಂದು ವಾರ ಕಾಲು ಒಣಗಿರಬೇಕಮ್ಮ” ಅಂದರು. ಅಮ್ಮ ನಕ್ಕು, “ಮಳೆಗೆ ಹೇಳಿ ಸಾರ್” ಅಂದರು. ಡಾಕ್ಟರೂ ನಕ್ಕರು. ನನಗೆ ನಗು ಬರಲಿಲ್ಲ. ಒಂದು ವಾರ ಅಂದರೆ ಒಂದು ವಾರದ ಕೂಲಿ. ಆ ವಾರ ಅಮ್ಮ ಮನೆಯಲ್ಲೇ ಇದ್ದರು. ಅದರ ಬದಲಿಗೆ ಏನೇನು ಬಿಟ್ಟೆವು ಅಂತ ಇಲ್ಲಿ ಬರೆಯೋದಿಲ್ಲ.

9/9
ಈಗ ನಮ್ಮ ಮನೆಯಲ್ಲಿ ಏನು ಮಾಡ್ತೀವಿ ಅಂತ ಹೇಳಿ ಮುಗಿಸ್ತೀನಿ. ಡ್ರೈಸೂಟ್ ಹಾಕೋರೂ ಮಾಡೋದು ಹೆಚ್ಚುಕಮ್ಮಿ ಇದನ್ನೇ.

ತಾಗುವ ಜಾಗದಲ್ಲಿ ನಡುವೆ ಒಂದು ಬಟ್ಟೆ. ಮಂಡಿಯವರೆಗಿನ ಕಾಲುಚೀಲ, ಅದರ ಅಂಚು ಬೂಟಿನ ಬಾಯಿಗಿಂತ ಮೇಲೆ ಬರಬೇಕು. ಕತ್ತಿಗೆ ಅಜ್ಜಿಯ ಹತ್ತಿ ಹರಕು. ಎರಡು ಜೊತೆ ಇಟ್ಟುಕೊಂಡು ಮಧ್ಯಾಹ್ನ ಬದಲಿಸೋದು. ಡೈವರ್‌ಗಳಿಗೆ ಮಾತ್ರ ಸೀಲ್ ಅಡಿಯಲ್ಲಿ ಬಟ್ಟೆ ಇಟ್ಟರೆ ನೀರು ನುಗ್ಗುತ್ತದೆ. ಅವರು ಪರಿಮಳ ಇಲ್ಲದ ಟಾಲ್ಕ್ ಪುಡಿ, ಇಲ್ಲವೇ ನೀರಿನಲ್ಲಿ ಕರಗುವ ಜಾರುಕ ಬಳಸ್ತಾರೆ. ಲೇಟೆಕ್ಸ್ ಆಗದವರು ಸಿಲಿಕೋನ್ ಸೀಲ್ ಹಾಕಿಸಿಕೊಳ್ತಾರೆ.

ಇಲಾಸ್ಟಿಕ್ ಗುರುತು ಅರ್ಧ ಗಂಟೆ ಕಳೆದರೂ ಹೋಗದಿದ್ದರೆ ಅದು ಅತಿ ಬಿಗಿ. ಅಮ್ಮನ ರೈನ್‌ಕೋಟಿನ ತೋಳು ಬಿಚ್ಚಿ ವೆಲ್ಕ್ರೋ ಹೊಲಿಸಿದೆವು.

ಸಂಜೆ ಸಾಬೂನು ಹಾಕಿ ತೊಳೆದು, ಒತ್ತಿ ಒರೆಸಿ, ತಿಕ್ಕದೆ, ಪೂರ್ತಿ ಒಣಗಿಸೋದು. ಮುರುಗಲ ತುಪ್ಪ ರಾತ್ರಿಗೆ ಮಾತ್ರ, ಚರ್ಮ ಒಡೆದು ರಸ ಬರ್ತಿಲ್ಲ ಅಂದರೆ ಮಾತ್ರ. ಬೆಳಗ್ಗೆ ಬೂಟಿಗೆ ಮೊದಲು ಎಣ್ಣೆ ಇಲ್ಲ. ಬೂಟನ್ನು ಒಳಗೂ ತೊಳೆದು ಬೋರಲು ಹಾಕೋದು. ಔಷಧಿ ಹೊಡೆದ ದಿನ ತೋಳು, ಕಾಲರ್ ಮೊದಲು ತೊಳೀಬೇಕು.

ಉಂಗುರದ ಹಾಗೆ ಹರಡಿದರೆ, ಕೀವು ಅಥವಾ ಜ್ವರ ಬಂದರೆ ಡಾಕ್ಟರ್. ತುಟಿ ಊದಿದರೆ, ಉಸಿರು ಕಟ್ಟಿದರೆ ತಡ ಮಾಡದೆ ಆಸ್ಪತ್ರೆ. ಹೆಸರು ಗೊತ್ತಿಲ್ಲದ ಟ್ಯೂಬ್ ಬೇಡವೇ ಬೇಡ.

ಇನ್ನೊಂದು ಮಾತು ತೋಟ, ಗದ್ದೆ ಇರೋ ಮನೆಯ ಗೆಳೆಯ ಗೆಳತಿಯರಿಗೆ. ಆಳುಗಳಿಗೆ ಬೂಟು ಕೊಡಿಸೋರು ಈಗ ಇದ್ದಾರೆ, ಒಳ್ಳೆಯದು. ಜೊತೆಗೆ ಮಧ್ಯಾಹ್ನ ಅರ್ಧ ಗಂಟೆ ಬೂಟು ಬಿಚ್ಚಿ ಕಾಲು ಒಣಗಿಸೋಕೆ ಒಂದು ಒಣ ಜಗಲಿ, ಒಂದು ಬೆಂಕಿ. ಸೈನ್ಯಕ್ಕೆ ಇದನ್ನು ಕಲಿಯೋಕೆ ಎರಡು ಯುದ್ಧ ಬೇಕಾಯ್ತು. ನಮಗೆ ಒಬ್ಬ ಅಜ್ಜಿ ಸಾಕಿತ್ತು, ಕೇಳಿದ್ದರೆ.

ನಿಮ್ಮ ಮನೆಯಲ್ಲಿ ಗೊರಬು ಇದ್ದರೆ ಫೋಟೋ ಕಳಿಸಿ. ಅದನ್ನು ಹಾಕಿಕೊಂಡವರು ಇದ್ದರೆ ಅವರ ಕಾಲಿನ ಕಥೆಯನ್ನೂ ಕೇಳಿ ಬರೆದಿಡಿ. ಮುಂದಿನ ಸರಣಿ ಅದರಿಂದಲೇ ಮಾಡೋಣ.

#ಮಲೆನಾಡು #ಗೊರಬು #ಹೊಸನಗರ #ಸಾಗರ #ತೀರ್ಥಹಳ್ಳಿ #ಮಳೆಗಾಲದಮೈ